ರಿವರ್ಸ್ ಹೋಗುತ್ತದೆ, ಮುಂದಕ್ಕೆ ಹೋಗುವುದಿಲ್ಲ: ಹಳೆಯ ಮರ್ಸಿಡಿಸ್ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಪಾರ್ಟ್ಸ್ ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮ ತಂದೆ ದಿಲ್ಲಿಯಲ್ಲಿ ರಾಯಭಾರ ಕಚೇರಿಯೊಂದರ ಗಾಡಿ ಕೊಂಡು ಸಕಲೇಶಪುರಕ್ಕೆ ತಂದಿದ್ದರು. 1981ರ ಮರ್ಸಿಡಿಸ್ 280 ಇ, ಆಟೋಮ್ಯಾಟಿಕ್. ಕಳೆದ ಮಳೆಗಾಲದಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿ ‘ಡಿ’ಗೆ ಹಾಕಿದರೆ ಗಾಡಿ ತಡವಾಗಿ ಹಿಡಿಯುತ್ತಿತ್ತು, ಈಗ ಅಲುಗುವುದೇ ಇಲ್ಲ. ರಿವರ್ಸ್ ಮಾತ್ರ ತಕ್ಷಣ ಬೀಳುತ್ತದೆ. ನೆಲದ ಮೇಲೆ ಒಂದು ಹನಿ ಸೋರಿಕೆ ಇಲ್ಲದಿದ್ದರೂ ಗೇರ್ ಆಯಿಲ್ ಕಡಿಮೆಯಾಗುತ್ತಿದೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ. ಮೆಕ್ಯಾನಿಕ್ ಮಾಡೆಲ್ಲು, ವರ್ಷ ಹೇಳಿ ಹೊರದೇಶದಿಂದ ತರಿಸಿದ ರಿಪೇರಿ ಕಿಟ್ ಹೊಂದಲಿಲ್ಲ. “ಇದಕ್ಕೆ ಪಾರ್ಟ್ಸ್ ಇನ್ನು ಸಿಗಲ್ಲ, ಮ್ಯಾನ್ಯುಯಲ್ ಗೇರ್‌ಬಾಕ್ಸ್ ಕೂರಿಸಿಬಿಡೋಣ” ಅನ್ನುತ್ತಿದ್ದಾರೆ. ಗೇರ್‌ಬಾಕ್ಸಿನ ಮೇಲಿದ್ದ ಅಂಕಿಗಳ ಫೋಟೋ ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ನಿಮಗೆ ಮೊದಲು ಬೇಕಾಗುವ ಪಾರ್ಟ್ಸ್ ಯಾವುದೂ ಅಪರೂಪದ್ದಲ್ಲ. ಹುಡುಕಿದ ರೀತಿ ತಪ್ಪಾದ್ದರಿಂದ ಅವು ಸಿಕ್ಕಿಲ್ಲ, ಅಷ್ಟೆ. ಹಳೆ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಸಾಮಾನು ಹುಡುಕುವಾಗ ಕಾರಿನ ಹೆಸರು, ವರ್ಷ ಹಿಡಿದು ಹೊರಟರೆ ದಾರಿ ತಪ್ಪುವುದು ಬಹುತೇಕ ಖಚಿತ. ಗೇರ್‌ಬಾಕ್ಸಿಗೆ ತನ್ನದೇ ಹೆಸರಿದೆ, ತನ್ನದೇ ಬಳಗವಿದೆ. ಆ ಹೆಸರು ಹಿಡಿದು ಹೊರಟರೆ “ಎಲ್ಲೂ ಸಿಗಲ್ಲ” ಎಂದ ವಸ್ತು ಬೇರೆ ಕಾರಿನ ಹೆಸರಿನಲ್ಲಿ ಅಂಗಡಿಯ ಕಪಾಟಿನಲ್ಲೇ ಕೂತಿರುತ್ತದೆ.

ನಿಮ್ಮ ಗಾಡಿಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಮರ್ಸಿಡಿಸ್‌ನವರು ಒಳಗೆ ಡಬ್ಲ್ಯು 123 ಎಂದು ಕರೆಯುವ ಈ ಸರಣಿ 1976ರಿಂದ 1985ರವರೆಗೆ ಬಂತು, ಸುಮಾರು 27 ಲಕ್ಷ ಗಾಡಿಗಳು ತಯಾರಾದವು. ಹೊರಗಿನಿಂದ ಮೊದಲಿನದೂ ಕೊನೆಯದೂ ಹೆಚ್ಚು ವ್ಯತ್ಯಾಸವಿಲ್ಲದೆ ಕಾಣುತ್ತವೆ. ಆದರೆ 1980-81ರ ಆಸುಪಾಸಿನಲ್ಲಿ ಒಳಗಿನ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನೇ ಬದಲಾಯಿಸಿದರು. ಅದಕ್ಕೂ ಮೊದಲಿನದು 722.1. ನಂತರದ್ದು ಹೆಚ್ಚು ಬಲದ ಎಂಜಿನ್‌ಗಳಿಗೆ 722.3, ಸಣ್ಣ ಎಂಜಿನ್‌ಗಳಿಗೆ 722.4. ನಿಮ್ಮದು ಸರಿಯಾಗಿ ಆ ಬದಲಾವಣೆಯ ಹೊತ್ತಿನ ಗಾಡಿ. “1981ರ 280 ಇ” ಎಂದು ಕೇಳಿದರೆ ಮಾರುವವನು 722.1ರದ್ದನ್ನೂ ಕೊಡಬಹುದು, 722.3ರದ್ದನ್ನೂ ಕೊಡಬಹುದು, ಎರಡೂ ಪ್ರಾಮಾಣಿಕ ಉತ್ತರವೇ. ಇವೆರಡರ ನಡುವೆ ಕೆಳಗಿನ ಪ್ಯಾನಿನ ಗ್ಯಾಸ್ಕೆಟ್ ಕೂಡ ಒಂದಕ್ಕೊಂದು ಹೊಂದುವುದಿಲ್ಲ. ನಿಮ್ಮ ಮೆಕ್ಯಾನಿಕ್ ತರಿಸಿದ ಕಿಟ್ 722.1ರದ್ದು ಅಂತ ಕಾಣುತ್ತದೆ. ನೀವು ಕಳಿಸಿದ ಫೋಟೋದಲ್ಲಿ ಅಂಕಿಗಳು 722 3 ಎಂದು ಶುರುವಾಗುತ್ತವೆ.

ಫೋಟೋ ಕಳಿಸಿ ನೀವು ಅರ್ಧ ಕೆಲಸ ಮುಗಿಸಿದ್ದೀರಿ. ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ: ಗಾಡಿಯ ಕೆಳಗೆ ಮಲಗಿ ನೋಡಿದರೆ ಗೇರ್‌ಬಾಕ್ಸಿನ ಎಡ ಮಗ್ಗುಲಲ್ಲಿ, ಆಯಿಲ್ ಪ್ಯಾನ್ ಕೂರುವ ಅಂಚಿನ ಸ್ವಲ್ಪ ಮೇಲೆ ಈ ಅಂಕಿಗಳನ್ನು ಒತ್ತಿರುತ್ತಾರೆ. ನಲವತ್ತು ವರ್ಷದ ಎಣ್ಣೆ, ಧೂಳು ಗಟ್ಟಿಯಾಗಿ ಕೂತಿರುವುದರಿಂದ ಬರಿಗಣ್ಣಿಗೆ ಕಾಣುವುದಿಲ್ಲ. ಡೀಸೆಲ್ ಹಚ್ಚಿ ಹಿತ್ತಾಳೆ ಬ್ರಷ್‌ನಿಂದ ಉಜ್ಜಿ, ಒರೆಸಿ, ಸೀಮೆಸುಣ್ಣ ತಿಕ್ಕಿದರೆ ಅಂಕಿಗಳು ಎದ್ದು ಕಾಣುತ್ತವೆ. ಮೊದಲ ಆರು ಅಂಕಿ ಗೇರ್‌ಬಾಕ್ಸಿನ ಜಾತಿ ಮತ್ತು ಉಪಜಾತಿ, ನಂತರದ್ದು ಕ್ರಮಸಂಖ್ಯೆ. ಆರನ್ನೂ ಬರೆದಿಟ್ಟುಕೊಳ್ಳಿ. ಕೊನೆಯ ಎರಡು ಅಂಕಿ ಆ ಗೇರ್‌ಬಾಕ್ಸ್ ಯಾವ ಎಂಜಿನ್ನಿಗೆ ಹೊಂದಿಸಿದ್ದು ಎಂದು ಹೇಳುತ್ತವೆ, ಅದು ಯಾಕೆ ಮುಖ್ಯ ಎಂದು ಮುಂದೆ ಗೊತ್ತಾಗುತ್ತದೆ.

ಕ್ಯಾಟಲಾಗಿನಲ್ಲಿ ಇದೇ 722.3ಕ್ಕೆ ಡಬ್ಲ್ಯು 4 ಎ 040 ಎಂಬ ಇನ್ನೊಂದು ಹೆಸರು ಕಾಣಬಹುದು, ಗಾಬರಿಯಾಗಬೇಡಿ. ಡಬ್ಲ್ಯು ಅಂದರೆ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವುದು, 4 ಅಂದರೆ ನಾಲ್ಕು ಗೇರು, 040 ಅಂದರೆ ಸುಮಾರು 400 ನ್ಯೂಟನ್ ಮೀಟರ್ ತಿರುಚುಬಲ ತಾಳುವುದು. ನಿಮ್ಮ ಎಂಜಿನ್ ಅದಕ್ಕಿಂತ ಬಹಳ ಕಡಿಮೆ ಕೊಡುತ್ತದೆ. ಹಾಗಾಗಿ ಈ ಗೇರ್‌ಬಾಕ್ಸ್ ನಿಮ್ಮ ಗಾಡಿಯಲ್ಲಿ ಆರಾಮಾಗಿ ದುಡಿದಿದೆ, ಒಳಗಿನ ಗಿಯರುಗಳು, ಡ್ರಮ್ಮುಗಳು ಚೆನ್ನಾಗಿರುವ ಸಾಧ್ಯತೆ ಹೆಚ್ಚು.

ಜೊತೆಗೆ ಚಾಸಿ ನಂಬರನ್ನೂ ಓದಿ. ಆ ಕಾಲದ ನಂಬರಿನಲ್ಲಿ 123 033 ಅಂದರೆ 280 ಇ ಸೆಡಾನ್. ಅದರ ಮುಂದಿನ ಅಂಕಿ 1 ಆಗಿದ್ದರೆ ಎಡಗಡೆ ಸ್ಟಿಯರಿಂಗ್, 2 ಆಗಿದ್ದರೆ ಬಲಗಡೆ. ಅದರ ಪಕ್ಕದ ಅಂಕಿ 2 ಇದ್ದರೆ ಕಾರ್ಖಾನೆಯಿಂದಲೇ ಆಟೋಮ್ಯಾಟಿಕ್, 0 ಇದ್ದರೆ ಮ್ಯಾನ್ಯುಯಲ್. ಪೂರ್ತಿ ಚಾಸಿ ನಂಬರ್ ಕೊಟ್ಟರೆ ಮರ್ಸಿಡಿಸ್ ಡೀಲರ್ ಆ ಗಾಡಿಯ ಡೇಟಾ ಕಾರ್ಡ್ ತೆಗೆದುಕೊಡಬಲ್ಲ. ಅದರಲ್ಲಿ ಗಾಡಿ ಹುಟ್ಟಿದಾಗ ಕೂರಿಸಿದ ಗೇರ್‌ಬಾಕ್ಸಿನ ನಂಬರೂ ಇರುತ್ತದೆ. ಒತ್ತಿದ ಅಂಕಿಗೂ ಕಾರ್ಡಿಗೂ ತಾಳೆಯಾದರೆ ಯಾರೂ ನಡುವೆ ಬದಲಾಯಿಸಿಲ್ಲ ಎಂದರ್ಥ. ತಾಳೆಯಾಗದಿದ್ದರೆ ಕಾರ್ಡನ್ನು ಬಿಡಿ, ಗೇರ್‌ಬಾಕ್ಸಿನ ಮೇಲಿರುವ ಅಂಕಿಯನ್ನೇ ನಂಬಿ.

ಇನ್ನು ಪಾರ್ಟ್ ನಂಬರ್. ಇದನ್ನು ಓದಲು ಕಲಿತರೆ ಹುಡುಕಾಟ ಅರ್ಧ ಹಗುರ. ಮರ್ಸಿಡಿಸ್ ನಂಬರಿನ ಮೊದಲ ಮೂರು ಅಂಕಿ ಆ ಭಾಗವನ್ನು ಮೊದಲು ಯಾವ ಗಾಡಿಗಾಗಿ ಮಾಡಿದರು ಎಂದು ಹೇಳುತ್ತವೆ. ಮುಂದಿನ ಅಂಕಿಗಳು ಅದು ಗಾಡಿಯ ಯಾವ ಗುಂಪಿಗೆ ಸೇರಿದ್ದು ಎಂದು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಗುಂಪು 27. ನಿಮ್ಮ ಗೇರ್‌ಬಾಕ್ಸಿನ ಆಯಿಲ್ ಫಿಲ್ಟರಿನ ನಂಬರ್ ಎ 126 277 02 95. ನಿಮ್ಮದು 123 ಸರಣಿ, ಫಿಲ್ಟರ್ ಮಾತ್ರ 126ರದ್ದು, ಅಂದರೆ ದೊಡ್ಡ ಎಸ್ ಕ್ಲಾಸಿಗಾಗಿ ಹುಟ್ಟಿದ್ದು. 722.4ರ ಫಿಲ್ಟರ್ ನಂಬರ್ 201ರಿಂದ ಶುರುವಾಗುತ್ತದೆ, ಅದು ಸಣ್ಣ ಮರ್ಸಿಡಿಸ್ 190 ಕಾರಿಗಾಗಿ ಹುಟ್ಟಿದ್ದು. “123ಕ್ಕೆ ಫಿಲ್ಟರ್ ಕೊಡಿ” ಎಂದರೆ ಇಲ್ಲ ಎನ್ನುವ ಅಂಗಡಿಯವನು ಈ ನಂಬರ್ ಕೊಟ್ಟರೆ ಡಬ್ಬದಿಂದ ತೆಗೆದುಕೊಡುತ್ತಾನೆ.

ನಡುವಿನ ಗುಂಪು 997 ಇದ್ದರೆ ಅದು ಸೀಲು ಅಥವಾ ಓ-ರಿಂಗ್, 981 ಇದ್ದರೆ ಬೇರಿಂಗ್. ಇವು ಬಹುಮಟ್ಟಿಗೆ ಅಳತೆಯ ಸಾಮಾನು. ಒಳವ್ಯಾಸ, ಹೊರವ್ಯಾಸ, ದಪ್ಪ ಗೊತ್ತಿದ್ದರೆ ಮರ್ಸಿಡಿಸ್ ಹೆಸರು ಎತ್ತದೆಯೇ ಒಳ್ಳೆಯ ಬೇರಿಂಗ್ ಅಂಗಡಿಯಲ್ಲಿ ಕೊಳ್ಳಬಹುದು. ಎನ್ ಅಕ್ಷರದಿಂದ ಶುರುವಾಗುವ ನಂಬರುಗಳು ಜರ್ಮನಿಯ ಸ್ಟಾಂಡರ್ಡ್ ಬೋಲ್ಟು, ವಾಷರು, ಸರ್‌ಕ್ಲಿಪ್ಪುಗಳು. ಅವಕ್ಕೂ ಹೊರದೇಶಕ್ಕೆ ಬರೆಯುವ ಅಗತ್ಯ ಅಪರೂಪ. ಇನ್ನೊಂದು ವಿಷಯ: ಹಳೆಯ ನಂಬರ್ ನಿಂತುಹೋಗಿ ಅದರ ಜಾಗಕ್ಕೆ ಹೊಸ ನಂಬರ್ ಬಂದಿರುತ್ತದೆ. ಹಳೆ ಪುಸ್ತಕದ ನಂಬರ್ ಹಾಕಿ “ಸ್ಟಾಕ್ ಇಲ್ಲ” ಎಂದು ಬಂದರೆ ಅಲ್ಲಿಗೇ ಕೈಚೆಲ್ಲಬೇಡಿ, ಇದರ ಬದಲಿಗೆ ಬಂದ ನಂಬರ್ ಯಾವುದು ಎಂದು ಕೇಳಿ.

ಸರಿ, ನಿಮ್ಮ ಗಾಡಿಗೆ ಆಗಿರುವುದೇನು? ಇದನ್ನು ತೀರ್ಮಾನಿಸದೆ ಒಂದು ರೂಪಾಯಿಯ ಸಾಮಾನನ್ನೂ ತರಿಸಬೇಡಿ. ನಾನು ನೋಡಿದ ಹಾಗೆ ಹಳೆ ಆಟೋಮ್ಯಾಟಿಕ್‌ಗಳ ವಿಚಾರದಲ್ಲಿ ಹೆಚ್ಚು ದುಡ್ಡು ಹಾಳಾಗುವುದು ಇಲ್ಲೇ. ಮುಂದಕ್ಕೆ ಹೋಗುವುದಿಲ್ಲ ಎಂದ ಕೂಡಲೇ ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಬಾಂಡ್ಲಿಯಲ್ಲಿ ಹರಡಿಕೊಂಡು, ಆಮೇಲೆ ಏನು ಬೇಕು ಎಂದು ಯೋಚಿಸುವುದು. ಆ ಹೊತ್ತಿಗೆ ಚೆನ್ನಾಗಿದ್ದ ಭಾಗವೂ ಗೀರು ಬಿದ್ದಿರುತ್ತದೆ, ಸಣ್ಣ ಸ್ಪ್ರಿಂಗೊಂದು ಕಳೆದಿರುತ್ತದೆ. ನಿಜವಾಗಿ ಅಪರೂಪದ ಪಾರ್ಟಿಗಾಗಿ ಅಲೆದಾಟ ಆಗ ಶುರುವಾಗುತ್ತದೆ.

ರಿವರ್ಸ್ ತಕ್ಷಣ ಬೀಳುತ್ತದೆ ಎಂದಿರಿ. ಅದು ಬಹಳ ಒಳ್ಳೆಯ ಸುದ್ದಿ. ಪಂಪು ಒತ್ತಡ ಕೊಡುತ್ತಿದೆ, ಟಾರ್ಕ್ ಕನ್ವರ್ಟರ್ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಈ ಗೇರ್‌ಬಾಕ್ಸಿನಲ್ಲಿ ಒಳಗಿನ ಭಾಗಗಳು ತಿರುಗದಂತೆ ಹಿಡಿಯುವ ಬಿ1, ಬಿ2, ಬಿ3 ಎಂಬ ಮೂರು ಬ್ರೇಕುಗಳು, ಕೆ1, ಕೆ2 ಎಂಬ ಎರಡು ಕ್ಲಚ್ಚುಗಳಿವೆ. ಮುಂದಿನ ಒಂದು, ಎರಡು, ಮೂರನೆಯ ಗೇರುಗಳಲ್ಲಿ ಬಿ2 ಹಿಡಿದಿರಲೇಬೇಕು. ನಾಲ್ಕರಲ್ಲಿ ಮಾತ್ರ ಅದು ಬಿಡುತ್ತದೆ. ರಿವರ್ಸಿಗೆ ಬಿ3 ಸಾಕು, ಬಿ2ರ ಹಂಗಿಲ್ಲ. ಹೀಗಾಗಿ “ರಿವರ್ಸ್ ಇದೆ, ಮುಂದಕ್ಕಿಲ್ಲ” ಎಂದು ಕೇಳಿದ ಕೂಡಲೇ ಈ ಗೇರ್‌ಬಾಕ್ಸ್ ಬಲ್ಲವರು ಬಿ2 ಪಿಸ್ಟನ್ ಎನ್ನುತ್ತಾರೆ. ಹಳೆಯ ನಮೂನೆಯ ಬಿ2 ಪಿಸ್ಟನ್ ಮುರಿಯುವುದು ಇದರ ಹೆಸರಾಂತ ಕಾಯಿಲೆ, ಮುಂದೆ ಬಲಪಡಿಸಿದ ನಮೂನೆ ಬಂತು. ಪಿಸ್ಟನ್ನಿನ ಸೀಲು ವಯಸ್ಸಾಗಿ ಗಟ್ಟಿಯಾದರೆ ತಣ್ಣಗಿದ್ದಾಗ ತಡವಾಗಿ ಹಿಡಿಯುತ್ತದೆ, ಬಿಸಿಯಾದ ಮೇಲೆ ಸ್ವಲ್ಪ ಸುಧಾರಿಸುತ್ತದೆ. ಮಳೆಗಾಲದಿಂದ ನೀವು ಕಂಡದ್ದು ಅದೇ ಇರಬೇಕು. ಇನ್ನೊಂದು ಕಾರಣವೂ ಸೇರಿರಬಹುದು. ನಿಮ್ಮ ಎಂಜಿನ್ನಿನ ಬಾಷ್ ಇಂಜೆಕ್ಷನ್ನು ಚಳಿಯಲ್ಲಿ ಸ್ಟಾರ್ಟ್ ಆದಾಗ ಐಡಲ್ ಏರಿಸಿಟ್ಟುಕೊಳ್ಳುತ್ತದೆ. ಆ ಜೋರಿನಲ್ಲೇ ‘ಎನ್’ನಿಂದ ‘ಡಿ’ಗೆ ತಳ್ಳಿದರೆ ಏಟು ನೇರವಾಗಿ ಬಿ2 ಮೇಲೆ. ಮಲೆನಾಡಿನ ಚಳಿಗಾಲದಲ್ಲಿ ವರ್ಷಗಟ್ಟಲೆ ಹಾಗೆ ಮಾಡಿದರೆ ಪಿಸ್ಟನ್ ಎಷ್ಟು ತಾಳೀತು?

ಆದರೂ ಬಿ2ಗೆ ಕೈ ಹಾಕುವ ಮುನ್ನ ಕೆಳಗೆ ಹೋಗಿ ಗೇರ್ ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಸಲಾಕೆಯ ಎರಡೂ ತುದಿಯ ಪ್ಲಾಸ್ಟಿಕ್ ಬುಷ್ ನೋಡಿ. ಅವು ಪುಡಿಯಾಗಿದ್ದರೆ ಮೇಲೆ ಲಿವರ್ ‘ಡಿ’ ತೋರಿಸುತ್ತಿದ್ದರೂ ಒಳಗೆ ವಾಲ್ವ್ ‘ಡಿ’ಗೆ ಪೂರ್ತಿ ತಲುಪಿರುವುದಿಲ್ಲ. ಚಿಲ್ಲರೆ ದುಡ್ಡಿನ ಬುಷ್ಷು, ಹೇಗಿದ್ದರೂ ಬದಲಾಯಿಸುವುದು ಲೇಸು.

ಬಿ2 ನೋಡಲು ಇಡೀ ಗೇರ್‌ಬಾಕ್ಸ್ ಬಿಚ್ಚಬೇಕಿಲ್ಲ, ಇದನ್ನು ನಿಮ್ಮ ಮೆಕ್ಯಾನಿಕ್‌ಗೆ ಒತ್ತಿ ಹೇಳಿ. ಗೇರ್‌ಬಾಕ್ಸಿನ ಮಗ್ಗುಲಲ್ಲಿ ಅಂಗೈಯಗಲದ ದುಂಡನೆಯ ಮುಚ್ಚಳವಿದೆ, ಅದನ್ನು ಹಿಡಿದಿರುವುದು ಒಂದು ಸರ್‌ಕ್ಲಿಪ್. ಒಳಗೆ ಬಲವಾದ ಸ್ಪ್ರಿಂಗಿದೆ, ಆದ್ದರಿಂದ ಮುಚ್ಚಳವನ್ನು ಸ್ಕ್ರೂ ಕ್ಲ್ಯಾಂಪಿನಂಥ ಸಾಧನದಿಂದ ಒಳಕ್ಕೆ ಒತ್ತಿ ಹಿಡಿದೇ ಕ್ಲಿಪ್ ತೆಗೆಯಬೇಕು. ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಿದರೆ ಮುಖಕ್ಕೆ ಹಾರುತ್ತದೆ. ಜಾಗ ಸಾಲದಿದ್ದರೆ ಹಿಂದಿನ ಮೌಂಟ್ ಬಿಚ್ಚಿ ಗೇರ್‌ಬಾಕ್ಸಿನ ಬಾಲವನ್ನು ಸ್ವಲ್ಪ ಇಳಿಸಿಕೊಳ್ಳಲಿ. ಮುಚ್ಚಳ, ಸ್ಪ್ರಿಂಗು, ಪಿಸ್ಟನ್ ಮೂರೂ ಹೊರಬರುತ್ತವೆ. ಪಿಸ್ಟನ್ ಎರಡು ತುಂಡಾಗಿ ಬಂದರೆ ಪತ್ತೆದಾರಿಕೆ ಅಲ್ಲಿಗೆ ಮುಗಿಯಿತು. ತುಂಡುಗಳನ್ನು ಜೋಡಿಸಿ ನೋಡಿ, ಒಂದು ಚೂರು ಕಡಿಮೆಯಿದ್ದರೂ ಅದು ಒಳಗೆಲ್ಲೋ ಇದೆ, ಪ್ಯಾನ್ ಬಿಚ್ಚಿ ಹುಡುಕಲೇಬೇಕು. ಪಿಸ್ಟನ್ ಹೊರಗಿರುವಾಗ ಟಾರ್ಚ್ ಹಿಡಿದು ಬ್ಯಾಂಡಿನ (ಪಿಸ್ಟನ್ ಒತ್ತಿದಾಗ ಡ್ರಮ್ಮನ್ನು ಬಿಗಿದು ಹಿಡಿಯುವ ಪಟ್ಟಿ) ಬಾಯಿಯನ್ನೂ ನೋಡಲಿ. ಬ್ಯಾಂಡಿನ ಒಳಮೈ ಸುಟ್ಟು ಕರಿಕಲಾಗಿದ್ದರೆ, ತೆಗೆದ ಆಯಿಲ್ಲಿಗೂ ಕರಕಲು ವಾಸನೆಯಿದ್ದರೆ ಆಗ ಗೇರ್‌ಬಾಕ್ಸ್ ಇಳಿಸುವ ಮಾತು. ಆಯಿಲ್ ಕೆಂಪಾಗಿದ್ದು, ಪ್ಯಾನಿನ ತಳದಲ್ಲಿ ಮೆತ್ತನೆಯ ಬೂದು ಪುಡಿ ಮಾತ್ರ ಇದ್ದರೆ ಹೊಸ ಪಿಸ್ಟನ್, ಸೀಲು, ಫಿಲ್ಟರು, ಗ್ಯಾಸ್ಕೆಟ್ ಹಾಕಿ ಮುಚ್ಚಿ.

ಕಾಣೆಯಾಗುತ್ತಿರುವ ಆಯಿಲ್ಲಿನದು ಬೇರೆಯೇ ಕಥೆ. ಗೇರ್‌ಬಾಕ್ಸಿನ ಮಗ್ಗುಲಿಗೆ ವ್ಯಾಕ್ಯೂಮ್ ಮಾಡ್ಯುಲೇಟರ್ ಎಂಬ ಸಣ್ಣ ಲೋಹದ ಡಬ್ಬಿ ಇದೆ. ಎಂಜಿನ್ ಮೇಲೆ ಎಷ್ಟು ಹೊರೆಯಿದೆ ಎಂದು ಇನ್‌ಟೇಕಿನ ವ್ಯಾಕ್ಯೂಮಿನಿಂದ ತಿಳಿದು ಗೇರ್ ಎಷ್ಟು ಗಟ್ಟಿಯಾಗಿ ಹಿಡಿಯಬೇಕೆಂದು ಅದು ತೀರ್ಮಾನಿಸುತ್ತದೆ. ಅದರೊಳಗಿನ ರಬ್ಬರ್ ಪರದೆ ಹರಿದರೆ ಎಂಜಿನ್ನು ಗೇರ್ ಆಯಿಲ್ಲನ್ನು ಪೈಪಿನ ಮೂಲಕ ಹೀರಿ ಸುಡುತ್ತದೆ. ನೆಲಕ್ಕೆ ಹನಿ ಬೀಳುವುದಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆ. ಮಾಡ್ಯುಲೇಟರಿನ ಪೈಪ್ ಕಿತ್ತು ಬಾಯಿಗೆ ಬಿಳಿ ಕಾಗದ ಹಿಡಿಯಿರಿ, ಕೆಂಪು ಎಣ್ಣೆ ಕಂಡರೆ ಮುಗಿಯಿತು. ಹೊರಗಿನಿಂದಲೇ ಬದಲಾಯಿಸುವ ಭಾಗ, ಹೊಸದು ಸಿಗುತ್ತದೆ. ಈ ಹೊಗೆ ನೋಡಿ ಎಂಜಿನ್ ಬೋರಿಗೆ ಹೊರಟವರಿದ್ದಾರೆ, ದಯವಿಟ್ಟು ನೀವು ಹೊರಡಬೇಡಿ.

ಇದಿಷ್ಟೇ ಆಗಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಮುಗಿಯಿತು. ಆದರೆ ಒಳಗೂ ಹಾಳಾಗಿದ್ದರೆ ಏನು ಎಂಬುದನ್ನೂ ಹೇಳಬೇಕು. ಅಲ್ಲಿಯೂ ಸುಲಭದ್ದು, ಕಷ್ಟದ್ದು ಎಂದು ಎರಡಿದೆ. ಸೀಲುಗಳು, ಕ್ಲಚ್ ಪ್ಲೇಟುಗಳು, ಬ್ಯಾಂಡುಗಳು, ಫಿಲ್ಟರು, ಗ್ಯಾಸ್ಕೆಟ್ ಇವು 722.3ಕ್ಕೆ ಇವತ್ತಿಗೂ ಕಿಟ್ ರೂಪದಲ್ಲಿ ಯೂರೋಪಿನಲ್ಲಿ, ಅಮೆರಿಕದಲ್ಲಿ ಸಿಗುತ್ತವೆ. ಕಾರಣ ಸರಳ. ಈ ಗೇರ್‌ಬಾಕ್ಸ್ 1990ರ ದಶಕದ ಮಧ್ಯದವರೆಗೂ ಬಳಕೆಯಲ್ಲಿತ್ತು. 126ರ ಎಸ್ ಕ್ಲಾಸ್, 107ರ ಎಸ್‌ಎಲ್, 124ರ ದೊಡ್ಡ ಎಂಜಿನ್ನಿನ ಗಾಡಿಗಳು ಇದನ್ನೇ ಹೊತ್ತವು. 1983ರಿಂದ ಬಂದ ಪೋರ್ಷೆ 928ರ ನಾಲ್ಕು ಗೇರಿನ ಆಟೋಮ್ಯಾಟಿಕ್ ಒಳಗೂ ಬಹಳಷ್ಟು ಭಾಗ ಮರ್ಸಿಡಿಸ್‌ನವೇ. ಇಷ್ಟು ದೊಡ್ಡ ಬಳಗ ಇರುವ ಗೇರ್‌ಬಾಕ್ಸಿಗೆ ಸೀಲು, ಪ್ಲೇಟು ಮಾಡುವವರು ಅಂಗಡಿ ಮುಚ್ಚುವುದಿಲ್ಲ. ಹಳೆಯ 722.1 ಇದ್ದವರಿಗೆ ಹುಡುಕಾಟ ಇದಕ್ಕಿಂತ ಕಷ್ಟ. ಅವರು 114, 115, 116 ಸರಣಿಗಳ ಹೆಸರಿನಲ್ಲೂ ಹುಡುಕಬೇಕು. ಆದ್ದರಿಂದ ಹೊಂದದ ಆ ಕಿಟ್ಟನ್ನು ಎಸೆಯಬೇಡಿ, 722.1 ಇರುವವರು ಸಂತೋಷದಿಂದ ಕೊಳ್ಳುತ್ತಾರೆ.

ನಿಜವಾಗಿ ಕಾಡುವುದು ನಾಲ್ಕೈದು ಭಾಗಗಳು. ಎಣ್ಣೆಯ ಒತ್ತಡವನ್ನು ಯಾವಾಗ ಎಲ್ಲಿಗೆ ಬಿಡಬೇಕೆಂದು ನಿಯಂತ್ರಿಸುವ ವಾಲ್ವ್ ಬಾಡಿ, ಟಾರ್ಕ್ ಕನ್ವರ್ಟರ್, ಆಕ್ಸಿಲರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕಂಟ್ರೋಲ್ ಕೇಬಲ್, ಗಾಡಿಯ ವೇಗವನ್ನು ಎಣ್ಣೆಯ ಒತ್ತಡದಿಂದ ತಿಳಿಸುವ ಗವರ್ನರ್, ಪಂಪಿನ ಬಾಡಿ. ಇವುಗಳಲ್ಲಿ ವಾಲ್ವ್ ಬಾಡಿ, ಕನ್ವರ್ಟರುಗಳು ಎಂಜಿನ್ನಿಗೆ ತಕ್ಕ ಹಾಗೆ ಹೊಂದಿಸಿದಂಥವು. ಡೀಸೆಲ್ ಗಾಡಿಯ 722.3ರ ವಾಲ್ವ್ ಬಾಡಿ ನಿಮ್ಮ ಗೇರ್‌ಬಾಕ್ಸಿಗೆ ಬೋಲ್ಟ್ ಸಮೇತ ಹೊಂದೀತು, ಆದರೆ ಒಳಗಿನ ಸ್ಪ್ರಿಂಗುಗಳು ಬೇರೆ. ಗೇರು ಬೀಳುವ ಹೊತ್ತು, ಒತ್ತಡ ಎರಡೂ ತಪ್ಪುತ್ತವೆ. ಕನ್ವರ್ಟರ್ ಬೇರೆ ಎಂಜಿನ್ನಿನದಾದರೆ ಸ್ಟಾಲ್ ಸ್ಪೀಡ್ (ಗಾಡಿ ಬ್ರೇಕಿನಲ್ಲಿ ನಿಂತಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ ಏರಬಲ್ಲ ವೇಗ) ಹೊಂದದೆ ಗಾಡಿ ಎಳೆಯುವುದಿಲ್ಲ, ಇಲ್ಲವೇ ಎಂಜಿನ್ ಸುಮ್ಮನೆ ಅರಚುತ್ತದೆ. ಕೊನೆಯ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಿ ಎಂದು ಮೇಲೆ ಹೇಳಿದ್ದು ಇದಕ್ಕೇ.

ಈ ಭಾಗಗಳಿಗೆ ನೀವು ಹುಡುಕಬೇಕಾದ್ದು ನಿಮ್ಮ ಎಂಜಿನ್ನಿನ ನೆಂಟರನ್ನು. ನಿಮ್ಮದು ಎಂ 110, 2746 ಸಿಸಿಯ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಇದೇ ಎಂಜಿನ್ 126ರ 280 ಎಸ್‌ಇಯಲ್ಲಿತ್ತು, 107ರ 280 ಎಸ್‌ಎಲ್‌ನಲ್ಲಿತ್ತು, 280 ಜಿಇ ಜೀಪಿನಂಥ ಗಾಡಿಯಲ್ಲೂ ಇತ್ತು. 722.3 ಇರುವ 126ರ 280 ಎಸ್‌ಇ ಗುಜರಿಗೆ ಬಂದಿದ್ದರೆ ಅದರ ವಾಲ್ವ್ ಬಾಡಿಯೂ ಕನ್ವರ್ಟರೂ ನಿಮಗೆ ಹೊಂದುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು. ಪಾರ್ಟ್ ನಂಬರ್ ತಾಳೆ ನೋಡಿಯೇ ಕೊಳ್ಳಿ. 280 ಇ ಹುಡುಕುವವರು ನೂರು ಮಂದಿ ಇದ್ದರೆ ಎಸ್ ಕ್ಲಾಸಿನ ಗುಜರಿಯ ಕಡೆ ತಿರುಗಿ ನೋಡುವವರು ಒಬ್ಬಿಬ್ಬರು, ಹಾಗಾಗಿ ಬೆಲೆಯೂ ಕಡಿಮೆ ಇರುತ್ತದೆ.

ಗುಜರಿ ಎಂದೆ, ಎಲ್ಲಿ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೇರಿಂಗು, ಸೀಲು, ಆಯಿಲ್ ಸಿಗುತ್ತವೆ, ಈ ಗೇರ್‌ಬಾಕ್ಸಿನ ಒಳಭಾಗಗಳನ್ನು ಅಲ್ಲಿ ನಿರೀಕ್ಷಿಸಬೇಡಿ. ಶಿವಾಜಿನಗರದ ಗುಜರಿಯಲ್ಲಿ ಹಳೆ ಮರ್ಸಿಡಿಸ್ ಆಗೊಮ್ಮೆ ಈಗೊಮ್ಮೆ ಬರುತ್ತದೆ. ಮುಂಬೈಯ ಕುರ್ಲಾ, ದಿಲ್ಲಿಯ ಮಾಯಾಪುರಿಯಲ್ಲಿ ಅವಕಾಶ ಹೆಚ್ಚು, ಅಲ್ಲಿಯವರಿಗೆ ಕಾರಿನ ಹೆಸರಿಗಿಂತ ಒತ್ತಿದ ಅಂಕಿಯ ಫೋಟೋ ಕಳಿಸಿದರೆ ಕೆಲಸವಾಗುತ್ತದೆ. 1995ರಿಂದ ಪುಣೆಯಲ್ಲಿ 124 ಸರಣಿಯ ಗಾಡಿಗಳನ್ನು ಜೋಡಿಸಿದರು. ಅವುಗಳಲ್ಲಿ ಆಟೋಮ್ಯಾಟಿಕ್ ಸಿಕ್ಕರೂ ನಿಮ್ಮದಕ್ಕೆ ಸಣ್ಣಪುಟ್ಟದ್ದು ಬಿಟ್ಟರೆ ದೊಡ್ಡ ಭಾಗಗಳಿಗೆ ನಂಬಿಕೊಳ್ಳಬೇಡಿ, ಎಂಜಿನ್ನೇ ಬೇರೆ. ಹಳೆ ಕಾರಿನವರ ಕ್ಲಬ್ಬುಗಳನ್ನು ಮರೆಯಬೇಡಿ. ಬೆಂಗಳೂರಿನಲ್ಲಿ, ಮುಂಬೈಯಲ್ಲಿ 123, 126 ಇಟ್ಟುಕೊಂಡವರು ಒಬ್ಬರಿಗೊಬ್ಬರು ಪರಿಚಿತರು. ಗೇರ್‌ಬಾಕ್ಸ್ ಬದಲಾಯಿಸಿದವರ ಮನೆಯ ಶೆಡ್ಡಿನಲ್ಲಿ ಹಳೆಯದು ಕೂತಿರುತ್ತದೆ.

ಹೊಸ ಸಾಮಾನಿಗೆ ಜರ್ಮನಿಯೇ ಮೂಲ. ಸ್ಟುಟ್‌ಗಾರ್ಟ್ ಪಕ್ಕದ ಫೆಲ್‌ಬಾಖ್‌ನಲ್ಲಿ ಮರ್ಸಿಡಿಸ್‌ನವರದೇ ಕ್ಲಾಸಿಕ್ ಸೆಂಟರ್ 1993ರಿಂದ ಇದೆ, ಹಳೆ ಗಾಡಿಗಳ ಅಸಲಿ ಪಾರ್ಟ್ಸ್ ಅವರು ಕೊಡುತ್ತಾರೆ. ಇಲ್ಲಿನ ಡೀಲರ್ ಮೂಲಕವೂ ಕೇಳಬಹುದು. ಕೌಂಟರಿನ ಹುಡುಗರು ತಮ್ಮ ವಯಸ್ಸಿಗಿಂತ ಹಳೆಯ ಗಾಡಿ ಎಂದು ತಲೆಯಾಡಿಸಿದರೆ ಬೇಸರಪಡದೆ ಪಾರ್ಟ್ ನಂಬರನ್ನು ಬರೆದು ಕೊಡಿ, ಲಭ್ಯತೆ ನೋಡಲು ಅವರಿಗೆ ಅದೊಂದೇ ಬೇಕು. ಬೆಲೆ ಕೇಳಿ ಎದೆ ಝಲ್ಲೆಂದರೂ ಬಿ2 ಪಿಸ್ಟನ್, ಮಾಡ್ಯುಲೇಟರ್, ಕಂಟ್ರೋಲ್ ಕೇಬಲ್ ಈ ಮೂರನ್ನು ಅಸಲಿಯೇ ಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಫಿಲ್ಟರ್, ಗ್ಯಾಸ್ಕೆಟ್‌ಗೆ ಫೆಬಿಯಂಥ ಹೆಸರಿರುವ ಕಂಪನಿಯದು ಸಾಕು.

ಶಾರ್ಜಾದ ಹಳೆ ಬಿಡಿಭಾಗಗಳ ಮಾರುಕಟ್ಟೆ ಬಹಳ ದೊಡ್ಡದು, ಕೊಲ್ಲಿಯಲ್ಲಿ ಓಡಿದ ಮರ್ಸಿಡಿಸ್‌ಗಳಿಗೂ ಅಲ್ಲಿ ಲೆಕ್ಕವಿಲ್ಲ. ಕರಾವಳಿಯ ಕಡೆಯ ಯಾರಾದರೂ ಬಂಧುಗಳು ಅಲ್ಲಿದ್ದರೆ ಹೋಗಿ ಕಣ್ಣಾರೆ ನೋಡಿ ಬರಲು ಹೇಳಬಹುದು. ಆದರೆ ಒಂದು ಎಚ್ಚರಿಕೆ. ಬಳಸಿದ ಸಾಮಾನಿನ ಆಮದಿಗೆ ನಮ್ಮ ದೇಶದಲ್ಲಿ ನಿರ್ಬಂಧವಿದೆ, ಪರವಾನಗಿ ಬೇಕು. ಹಳೆಯ ಕನ್ವರ್ಟರನ್ನು ಸುಮ್ಮನೆ ಕೊರಿಯರಿಗೆ ಹಾಕಿಸಿದರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತದೆ, ಬಿಡಿಸಿಕೊಳ್ಳುವ ಖರ್ಚು ಸಾಮಾನಿನ ಬೆಲೆ ಮೀರುತ್ತದೆ. ಮೊದಲು ಕಸ್ಟಮ್ಸ್ ಏಜೆಂಟರೊಬ್ಬರನ್ನು ಕೇಳಿಕೊಂಡೇ ಮುಂದುವರಿಯಿರಿ. ಹೊಸ ಸಾಮಾನಿಗೆ ಆ ತೊಡಕಿಲ್ಲ. ಗೇರ್‌ಬಾಕ್ಸ್ ಭಾಗಗಳು 8708 40 ಎಂಬ ಸುಂಕ ಸಂಖ್ಯೆಯಡಿ ಬರುತ್ತವೆ. ಸುಂಕವನ್ನು ವಸ್ತುವಿನ ಬೆಲೆಯ ಜೊತೆಗೆ ಸಾಗಣೆ, ವಿಮೆಯನ್ನೂ ಸೇರಿಸಿದ ಮೊತ್ತದ ಮೇಲೆ ಹಾಕುತ್ತಾರೆ, ಐಜಿಎಸ್‌ಟಿಯನ್ನು ಅದಕ್ಕೆ ಸುಂಕವನ್ನೂ ಕೂಡಿಸಿದ ಮೊತ್ತದ ಮೇಲೆ. ಆದ್ದರಿಂದ ಸಣ್ಣ ಸಣ್ಣ ಪಾರ್ಸೆಲ್ ಬೇಡ, ಬೇಕಾದ್ದನ್ನೆಲ್ಲ ಪಟ್ಟಿ ಮಾಡಿ ಒಂದೇ ಸಲ ತರಿಸಿ.

ಇಲ್ಲೇ ಮಾಡಿಸಬಹುದಾದ್ದೂ ಇದೆ. ಪೀಣ್ಯದಲ್ಲಿ ಒಳ್ಳೆಯ ಟರ್ನರ್ ಕೈಗೆ ಕೊಟ್ಟರೆ ಸವೆದ ಕಂಚಿನ ಬುಷ್ ಹೊಸದಾಗಿ ತಯಾರಾಗುತ್ತದೆ. ಅಳತೆಯನ್ನು ಸವೆದ ಬುಷ್ಷಿನಿಂದ ತೆಗೆಯಬಾರದು, ಅದು ಕೂರುವ ಮನೆ ಮತ್ತು ಅದರೊಳಗೆ ತಿರುಗುವ ಶಾಫ್ಟಿನಿಂದ ತೆಗೆಯಬೇಕು. ಕನ್ವರ್ಟರನ್ನು ಕತ್ತರಿಸಿ, ಒಳಗನ್ನು ಸರಿಪಡಿಸಿ, ಮತ್ತೆ ಬೆಸೆದು ಬ್ಯಾಲೆನ್ಸ್ ಮಾಡಿಕೊಡುವವರು ದೊಡ್ಡ ಊರುಗಳಲ್ಲಿದ್ದಾರೆ, ನಿಮ್ಮ ಕನ್ವರ್ಟರ್ ಹಾಳಾಗಿದ್ದರೆ ಬೇರೆಯದನ್ನು ಹುಡುಕುವುದಕ್ಕಿಂತ ಅದನ್ನೇ ಹೀಗೆ ಮಾಡಿಸುವುದು ಸರಿ. ಆಯಿಲ್ ಸೀಲನ್ನು ಅಳತೆಗೆ ಕೊಳ್ಳುವಾಗ ಯಾವ ರಬ್ಬರ್ ಎಂದು ಕೇಳಿ. ಪಂಪಿನ ಮುಂದಿನ ಸೀಲಿಗೆ ಬಿಸಿ ತಾಳುವ ವಿಟಾನ್ ಬೇಕು, ಮಾಮೂಲಿ ನೈಟ್ರೈಲ್ ಅಲ್ಲಿ ಬೇಗ ಸುಟ್ಟು ಗಟ್ಟಿಯಾಗುತ್ತದೆ.

ಮಾಡಿಸಲೇಬಾರದ್ದು ಒಂದಿದೆ: ಬ್ಯಾಂಡಿಗೆ, ಕ್ಲಚ್ ಪ್ಲೇಟಿಗೆ ಬ್ರೇಕ್ ಲೈನಿಂಗ್ ಅಂಗಡಿಯಲ್ಲಿ ಲೈನಿಂಗ್ ಅಂಟಿಸುವುದು. ಬ್ರೇಕ್ ಶೂಗೆ ಹಾಕುವ ಲೈನಿಂಗ್ ಒಣಗಿದಲ್ಲಿ ಕೆಲಸ ಮಾಡಲು ಮಾಡಿದ್ದು. ಆಟೋಮ್ಯಾಟಿಕ್ ಒಳಗೆ ಎಲ್ಲವೂ ಎಣ್ಣೆಯಲ್ಲಿ ಮುಳುಗಿರುತ್ತದೆ, ಅದಕ್ಕೆ ಎಣ್ಣೆ ಹೀರಿ ಬಿಡುವ ಬೇರೆ ಜಾತಿಯ ಕಾಗದದಂಥ ವಸ್ತು ಬೇಕು. ಬ್ರೇಕ್ ಲೈನಿಂಗ್ ಎಣ್ಣೆಯಲ್ಲಿ ಪದರ ಕಿತ್ತು ಬಂದು ವಾಲ್ವ್ ಬಾಡಿಯ ಸಣ್ಣ ದಾರಿಗಳಿಗೆ ಹೋಗಿ ಕೂರುತ್ತದೆ. ಉಳಿಸಿದ ದುಡ್ಡಿನ ಹಲವು ಪಟ್ಟು ಅಲ್ಲಿ ಹೋಗುತ್ತದೆ, ಅದೂ ಸುಲಭವಾಗಿ ಸಿಗದ ಭಾಗವೇ ಹಾಳಾಗಿ.

ಮ್ಯಾನ್ಯುಯಲ್ ಕೂರಿಸುವ ಬಗ್ಗೆ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ: ಬೇಡ. ಅದಕ್ಕೂ ಮ್ಯಾನ್ಯುಯಲ್ ಗೇರ್‌ಬಾಕ್ಸು, ಫ್ಲೈವೀಲು, ಕ್ಲಚ್ಚು, ಪೆಡಲ್ ಜೋಡಣೆ, ಪ್ರೊಪೆಲ್ಲರ್ ಶಾಫ್ಟಿನ ಮುಂಭಾಗ, ಕೆಳಗಿನ ಮೌಂಟು ಎಲ್ಲವೂ ಬೇಕು. ಅವೂ 123ರವೇ ಆಗಬೇಕು, ಅವೂ ಹಳೆಯವೇ. ಒಂದು ಪಿಸ್ಟನ್ ಹುಡುಕುವ ಕಷ್ಟ ತಪ್ಪಿಸಲು ಹೋಗಿ ಇಪ್ಪತ್ತು ಭಾಗ ಹುಡುಕುವ ಕಷ್ಟ ತಂದುಕೊಂಡ ಹಾಗಾಗುತ್ತದೆ. ಯಾವುದೋ ಜಪಾನಿ ಗಾಡಿಯ ಗೇರ್‌ಬಾಕ್ಸಿಗೆ ಅಡಾಪ್ಟರ್ ಪ್ಲೇಟ್ ಮಾಡಿಸುವ ಸಲಹೆಯೂ ನಿಮಗೆ ಬಂದೀತು. ತಂದೆಯವರು ಓಡಿಸಿದ ಗಾಡಿ ಅವರು ಓಡಿಸಿದ ಹಾಗೆಯೇ ಇರಲಿ ಎಂದಿದ್ದರೆ ಅದಕ್ಕೆ ಒಪ್ಪಬೇಡಿ.

ಈಗ ಮಾಡಬೇಕಾದ ಕ್ರಮ ಹೇಳುತ್ತೇನೆ. ಮೊದಲು ಲಿವರ್ ಸಲಾಕೆಯ ಬುಷ್, ಮಾಡ್ಯುಲೇಟರಿನ ಪೈಪು. ಆಮೇಲೆ ಪ್ಯಾನ್ ಬಿಚ್ಚಿ ತಳ ನೋಡಿ, ಬಿ2 ಮುಚ್ಚಳ ತೆಗೆಸಿ. ಅಲ್ಲಿ ಕಂಡದ್ದನ್ನು ಬಿಟ್ಟು ಬೇರೇನನ್ನೂ ಬಿಚ್ಚಿಸಬೇಡಿ. ತೆಗೆದ ಹಳೆಯ ಭಾಗಗಳನ್ನು ಹೊಸದು ಕೈಗೆ ಬಂದು, ಪಕ್ಕಪಕ್ಕ ಇಟ್ಟು ಅಳೆದು ನೋಡುವವರೆಗೆ ಎಸೆಯಬೇಡಿ. ಬ್ಯಾಂಡಿನ ಸವೆತಕ್ಕೆ ತಕ್ಕಂತೆ ಹಾಕುವ ಒತ್ತುಪಿನ್ನು ಬೇರೆ ಬೇರೆ ಉದ್ದದಲ್ಲಿ ಬರುತ್ತದೆ, ಹಳೆಯದರ ಉದ್ದ ಗೊತ್ತಿಲ್ಲದಿದ್ದರೆ ಹೊಸದನ್ನು ಆರಿಸುವುದು ಕಷ್ಟ. ಕೆಲಸ ಮಾಡುವಾಗ ಒರೆಸಲು ಬನಿಯನ್ ವೇಸ್ಟ್ ಬಳಸದಿರಲಿ, ಅದರ ಒಂದು ಎಳೆ ಸಾಕು ವಾಲ್ವ್ ಸಿಕ್ಕಿಕೊಳ್ಳಲು. ನೂಲು ಬಿಡದ ಬಟ್ಟೆ ಕೊಡಿಸಿ.

ಆಯಿಲ್ ಪೂರ್ತಿ ಬದಲಾಯಿಸಿ. ಪ್ಯಾನ್ ಖಾಲಿ ಮಾಡಿದರೆ ಅರ್ಧದಷ್ಟು ಮಾತ್ರ ಬರುತ್ತದೆ, ಉಳಿದದ್ದು ಕನ್ವರ್ಟರಿನಲ್ಲಿರುತ್ತದೆ. ನಿಮ್ಮ ಕನ್ವರ್ಟರಿಗೆ ಡ್ರೈನ್ ಬೋಲ್ಟ್ ಇದೆ, ಎಂಜಿನ್ನನ್ನು ಕೈಯಿಂದ ತಿರುಗಿಸಿ ಬೋಲ್ಟ್ ಕೆಳಗೆ ಬಂದಾಗ ಬಿಚ್ಚಬೇಕು. ಹಾಕಬೇಕಾದ್ದು ಡೆಕ್ಸ್ರಾನ್ 2 ಅಥವಾ 3 ದರ್ಜೆಯ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್. ಹೊಸ ಮರ್ಸಿಡಿಸ್‌ಗಳ ದುಬಾರಿ ಸಿಂಥೆಟಿಕ್ ಎಟಿಎಫ್ ಬೇರೆ ಗೇರ್‌ಬಾಕ್ಸಿಗಾಗಿ ಮಾಡಿದ್ದು, ಡೀಲರ್ ಒಳ್ಳೆಯದೆಂದು ಕೊಟ್ಟರೂ ಬೇಡ ಎನ್ನಿ. ಮಟ್ಟವನ್ನು ಗಾಡಿ ಓಡಿ ಗೇರ್‌ಬಾಕ್ಸ್ ಚೆನ್ನಾಗಿ ಬಿಸಿಯಾದ ಮೇಲೆ, ಸಮತಟ್ಟಾದ ಜಾಗದಲ್ಲಿ, ಎಂಜಿನ್ ಚಾಲೂ ಇಟ್ಟು, ಲಿವರ್ ‘ಪಿ’ಯಲ್ಲಿರುವಾಗ ನೋಡಿ. ಗಾಡಿ ಸಿದ್ಧವಾದ ಮೇಲೂ ಚಳಿಯ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಐಡಲ್ ಇಳಿಯುವವರೆಗೆ ಕಾದು, ಬ್ರೇಕ್ ಒತ್ತಿಯೇ ‘ಡಿ’ಗೆ ಹಾಕಿ. ಬಿ2 ಮುಚ್ಚಳ ತೆಗೆದಾಗ ಪಿಸ್ಟನ್ ಇಡಿಯಾಗಿಯೇ ಬಂದರೆ ಅದರ, ಸೀಲಿನ ಮತ್ತು ಪ್ಯಾನಿನ ತಳದ ಫೋಟೋಗಳನ್ನು ಗೇರ್‌ಬಾಕ್ಸಿನ ಆರೂ ಅಂಕಿಗಳ ಸಮೇತ ಕಳಿಸಿ, ಆಗ ಮುಂದೆ ಯಾವ ಒತ್ತಡಗಳನ್ನು ಅಳೆಯಬೇಕೆಂದು ಬರೆಯುತ್ತೇನೆ.